ಅವ್ವನ ಒಗಟಿನಲ್ಲಿ ಇಲ್ಲದ ಹೆಸರು

ಅಪ್ಪ ತಳೇಗಾಂವದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಪುಣೆಯ ಶಿವಾಜಿನಗರದಲ್ಲಿ ಲೋಣಾವಳಾದ ಲೋಕಲ್ ಹಿಡಿಯಲು ಮನೆಯಿಂದ ಹೊರಡುವ ಮುನ್ನ ಅವರು ಬಾಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರೆ, ಎದುರಿಗೆ ನಿಂತ ಅವ್ವ ಒಂದು ಒಗಟು ಹೇಳುತ್ತಿದ್ದಳು. ಊಟದ ಡಬ್ಬಿಯ ಜೊತೆಗೆ ಆ ಒಗಟೂ ರೈಲು ಹತ್ತುತ್ತಿತ್ತು. ಸಂಜೆ ಅಪ್ಪ ಮೆಟ್ಟಿಲೇರುತ್ತಿರುವಾಗಲೇ ಉತ್ತರವನ್ನು ಗಟ್ಟಿಯಾಗಿ ಹೇಳುತ್ತ ಬರುತ್ತಿದ್ದರು. ಕನ್ನಡದ ಒಂದಕ್ಷರವೂ ಬಾರದ ಕೆಳಮನೆಯ ಮರಾಠಿ ಅಜ್ಜಿ, ಅವ್ವ ಒಳಗಿನಿಂದ ನಗುವ ಬಗೆಯಲ್ಲಿಯೇ ಉತ್ತರ ಸರಿಯೋ ತಪ್ಪೋ ಎಂದು ಅರಿತುಕೊಳ್ಳುತ್ತಿದ್ದರಂತೆ.

ಅವ್ವನ ಒಗಟುಗಳಿಗೆ ಜಾಣತನಕ್ಕಿಂತ ಕೇಳಿಸಿಕೊಳ್ಳುವ ತಾಳ್ಮೆ ಬೇಕಿತ್ತು. ಒಮ್ಮೆ ಅವಳು ಕೇಳಿದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ.

"ಶ್ರಾವಣದಾಗ ಒಬ್ಬಾಂವ ಲೋಣಾವಳಾ ಬಜಾರದಾಗ ಈ ತುದೀಲಿಂದ ಆ ತುದೀಗೆ ನಡದ. ಛತ್ರಿ ಇಲ್ಲ, ಟೊಪಗಿ ಇಲ್ಲ, ರೇನ್‌ಕೋಟ್ ಇಲ್ಲ. ಆದ್ರೂ ತಲೀ ತೋಯಲಿಲ್ಲ. ಹೆಂಗ?"

ಸಂಜೆ ಅಪ್ಪ ಒಂದರ ಹಿಂದೆ ಒಂದು ಉತ್ತರ ತಂದರು. ಟ್ಯಾಕ್ಸಿಯಲ್ಲಿ ಹೋದನೆಂದರು. "ನಡದ ಅಂದೀನ್ರಿ," ಎಂದಳು ಅವ್ವ. ಚಿಕ್ಕಿ ಅಂಗಡಿಗಳ ಮಾಡಿನ ಕೆಳಗೇ ಸರಿಯುತ್ತ ಹೋದನೆಂದರು. "ನಡುವ ರಸ್ತೇ ದಾಟಬೇಕಲ್ಲ, ಅಲ್ಲೆ ಯಾರು ಮಾಡು ಕಟ್ಯಾರ?" ಎಂದಳು. ಕೊನೆಗೆ ಅಪ್ಪ ಸೋಲೊಪ್ಪಿಕೊಂಡಾಗ ಅವಳು ಮೆಲ್ಲಗೆ ಕೇಳಿದಳು: "ಮಳಿ ಬರ್ತಿತ್ತಂತ ನಾ ಅಂದೆನೇನ್ರಿ?"

"ಶ್ರಾವಣದಾಗ, ಅದೂ ಲೋಣಾವಳಾದಾಗ, ಮಳಿ ಬರೂದನ್ನ ಬ್ಯಾರೆ ಹೇಳಬೇಕೇನು? ಇದು ಶುದ್ಧ ಮೋಸ," ಎಂದರು ಅಪ್ಪ.

"ಮೋಸ ಅಲ್ಲ. ನಾ ಹೇಳಲಾರದ್ದನ್ನ ನೀವು ಕೇಳಿಸ್ಕೊಂಡ್ರಿ."

ಅವಳದೊಂದು ಕಟ್ಟುನಿಟ್ಟಾದ ನಿಯಮವಿತ್ತು: ಉತ್ತರ ಹೇಳುವ ಮೊದಲು ಪ್ರಶ್ನೆಯನ್ನು ಹೇಳಿದ ಹಾಗೆಯೇ ತಿರುಗಿ ಹೇಳಬೇಕು. ಆಗ ಅದರಲ್ಲಿ ಏನಿದೆ, ಏನಿಲ್ಲ, ನಾವಾಗಿ ಏನು ಸೇರಿಸಿದ್ದೇವೆ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ ಎಂಬುದು ಅವಳ ನಂಬಿಕೆ. ಮುಂದೆ ಧಾರವಾಡದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ವೇದಿಕೆ ಏರಿದಾಗ, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿಯೇ ಅದನ್ನು ಖಂಡಿಸಬೇಕು ಎಂದು ನಮಗೆ ಕಲಿಸಿದರು. ಗೆಳತಿಯರಿಗೆ ಅದು ಹೊಸ ವಿದ್ಯೆಯಾಗಿತ್ತು. ನನಗೆ ಅದು ಬೂಟಿನ ಲೇಸು ಕಟ್ಟುವ ಹೊತ್ತಿನ ಮಾತಾಗಿತ್ತು.

ಇಷ್ಟೆಲ್ಲ ಮಾತಿದ್ದ ಆ ದಾಂಪತ್ಯದಲ್ಲಿ ಒಂದು ಮಾತು ಮಾತ್ರ ಇರಲಿಲ್ಲ. ಅವ್ವ ಅಪ್ಪನ ಹೆಸರನ್ನು ಎಂದೂ ಬಾಯಿಂದ ಹೇಳಿದವಳಲ್ಲ. ಅವಳ ಪೀಳಿಗೆಯ ಹೆಂಗಸರಿಗೆ ಅದು ತೀರ ಸಹಜ. ಮದುವೆ, ಸೀಮಂತ, ಅರಿಷಿಣ-ಕುಂಕುಮದ ಸಮಾರಂಭಗಳಲ್ಲಿ ಎಲ್ಲರೂ "ಹೆಸರು ಹೇಳ್ರಿ, ಹೆಸರು ಹೇಳ್ರಿ" ಎಂದು ಬೆನ್ನು ಹತ್ತಿದಾಗ, ಗಂಡನ ಹೆಸರನ್ನು ಒಡಪು ಎಂಬ ಚಿಕ್ಕ ಪದ್ಯದಲ್ಲಿ ಸುತ್ತಿ ಒಮ್ಮೆ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು ವಾಡಿಕೆ. ನಮ್ಮ ಪುಣೆಯ ನೆರೆಹೊರೆಯ ಮರಾಠಿ ಹೆಂಗಸರಲ್ಲಿಯೂ ಇದೇ ಪದ್ಧತಿ ಇದೆ. ಅವ್ವ ಅಷ್ಟನ್ನೂ ಮಾಡುತ್ತಿರಲಿಲ್ಲ. ಒಡಪಿನ ಬದಲು ಒಂದು ಒಗಟು ಕಟ್ಟುತ್ತಿದ್ದಳು, ಅಪ್ಪನ ಹೆಸರೇ ಅದರ ಉತ್ತರ. ನೆರೆದ ಹೆಂಗಸರು ಎಳೆ ಎಳೆ ಬಿಡಿಸಿ ಒಕ್ಕೊರಲಿನಿಂದ ಆ ಹೆಸರನ್ನು ಹೇಳುತ್ತಿದ್ದರು. ಅವಳು "ಹೌದ್ರಿ" ಎಂದು ಕೂತುಬಿಡುತ್ತಿದ್ದಳು. ಹೀಗೆ ಅವಳ ಗಂಡನ ಹೆಸರು ಸದಾ ಬೇರೆಯವರ ಬಾಯಿಂದಲೇ ಅವಳ ಕಿವಿಗೆ ಬಂತು.

ನಾನು ಈ ಪದ್ಧತಿಯನ್ನು ಒಪ್ಪಿದವಳಲ್ಲ. ಕಾಲೇಜಿನ ದಿನಗಳಿಂದಲೂ ಇದರ ವಿರುದ್ಧ ಮಾತಾಡಿದ್ದೇನೆ. ಗಂಡ ಹೆಂಡತಿಯನ್ನು ಹೆಸರಿನಿಂದ ಕರೆಯಬಹುದಾದರೆ ಹೆಂಡತಿ ಏಕೆ ಕರೆಯಬಾರದು ಎಂದು ಅವ್ವನನ್ನೂ ಕೇಳಿದ್ದೆ. ಅವಳು ಹೆರಳು ಹಾಕುತ್ತಿದ್ದ ನನ್ನ ತಲೆಯನ್ನು ನೇರ ಮಾಡಿ, "ನಾ 'ಕೇಳ್ರಿಲ್ಲೆ' ಅಂದ್ರ ಅವರು 'ಓ' ಅಂತಾರ. ಇನ್ನ ಹೆಸರ ತಗೊಂಡು ಏನು ಮಾಡ್ಲಿ?" ಎಂದಿದ್ದಳು.

ಅಪ್ಪ ತೀರಿಕೊಂಡ ಮೇಲೆ ನಾನು ಅವ್ವನ ಜೊತೆಗೇ ಉಳಿದೆ. ಮನೆ, ವಿದ್ಯುತ್ ಮೀಟರು, ಗ್ಯಾಸು, ಬ್ಯಾಂಕಿನ ಖಾತೆ, ಎಲ್ಲವನ್ನೂ ಒಂದೊಂದಾಗಿ ಅವಳ ಹೆಸರಿಗೆ ಮಾಡಿಸಿದೆ. ಹೆಣ್ಣು ತಾನಿರುವ ಮನೆಯ ಒಡತಿಯೆಂದು ಕಾಗದದಲ್ಲಿಯೂ ಕಾಣಬೇಕು ಎಂದು ವರ್ಷಗಟ್ಟಲೆ ಇತರರಿಗೆ ಹೇಳುತ್ತ ಬಂದವಳು ನಾನು. ನನ್ನ ಮನೆಯಲ್ಲಿ ಅದನ್ನು ಮಾಡದಿರುವುದು ಹೇಗೆ? ಅದು ಸರಿಯಾದ ಕೆಲಸ ಎಂದು ಈಗಲೂ ನಂಬುತ್ತೇನೆ. ಅವ್ವ ಕೇಳಿದಲ್ಲೆಲ್ಲ ಸಹಿ ಹಾಕಿದಳು, ಒಮ್ಮೆಯೂ ಬೇಡವೆನ್ನಲಿಲ್ಲ.

ಒಂದು ದಿನ ಕೊರಿಯರಿನವನು ಬಾಗಿಲಲ್ಲಿ ನಿಂತು ಅವ್ವನ ಹೆಸರನ್ನು ಗಟ್ಟಿಯಾಗಿ ಕೂಗಿದ. ನಾನು ಲಕೋಟೆ ತೆಗೆದುಕೊಂಡು ಒಳಗೆ ಬಂದಾಗ ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೂತಿದ್ದಳು.

"ಮೊದಲ ಅವರ ಹೆಸರು ಹಿಡದು ಕೂಗತಿದ್ದ," ಎಂದಳು. "ನಾ ಬೇಕಂತನ ತಡಾ ಮಾಡಿ ಬಾಗಲಾ ತಗೀತಿದ್ದೆ. ಇನ್ನೊಮ್ಮೆ ಕೂಗಲಿ ಅಂತ."

ನಾನು ಲಕೋಟೆಯನ್ನು ಬದಿಗಿಟ್ಟು ಅವಳ ಪಕ್ಕ ಕೂತೆ.

"ಈಗ ನನ್ನ ಹೆಸರು ಕೂಗತಾನ. ನನ್ನ ಹೆಸರು ಕೇಳಿ ನಾ ಏನು ಮಾಡ್ಲಿ? ಅದು ನನಗ ಗೊತ್ತs ಅದ."

ನಾನು ಅಪ್ಪನ ಹೆಸರನ್ನು ಮೆಲ್ಲಗೆ ಉಚ್ಚರಿಸಿದೆ, ಅವಳಿಗೆ ಸಮಾಧಾನವಾಗಲೆಂದು. ಅವಳು ನಕ್ಕಳು. "ನೀ ಅಂದ್ರ ಫಾರ್ಮ್ ತುಂಬಿದಂಗ ಅನಸ್ತದ. ಹಂಗಲ್ಲ. ನಾಕು ಮಂದ್ಯಾಗ, ನಗು-ಚಾಷ್ಟಿ ನಡದಾಗ, ಒಮ್ಮೆ ಆ ಹೆಸರು ಬರಬೇಕು. ಮೊದಲ ಬರ್ತಿತ್ತಲ್ಲ, ಹಂಗ."

ಅವಳಿಗೆ ಬೇಕಾದದ್ದು ಇಷ್ಟೇ. ಅದು ಸಿಗದ ಹಾಗೆ ಒಂದು ಗೋಡೆಯೂ ಇತ್ತು. ಹೆಸರು ಹೇಳಿರೆಂದು ಮುತ್ತೈದೆಯರನ್ನಷ್ಟೇ ಕೇಳುತ್ತಾರೆ. ಗಂಡನನ್ನು ಕಳೆದುಕೊಂಡವಳನ್ನು ಕೇಳುವುದಿಲ್ಲ. ಒಂದು ಕಾಲಕ್ಕೆ ಯಾವ ಸಮಾರಂಭದಲ್ಲಿಯೂ ಕೊನೆಯ ಸರದಿ ಅವ್ವನದೇ ಆಗಿರುತ್ತಿತ್ತು, ಅವಳದಾದ ಮೇಲೆ ಬೇರೆಯವರದು ಸಪ್ಪೆಯೆನಿಸುತ್ತಿತ್ತು. ಈಗ ಅವಳು ಅಂಥ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಳು.

ನಮ್ಮ ಕನ್ನಡ ಮಹಿಳೆಯರ ಕೂಟ ಪ್ರತಿವರ್ಷ ಸಂಕ್ರಾಂತಿಯ ಮರುವಾರ ಅರಿಷಿಣ-ಕುಂಕುಮ ಇಟ್ಟುಕೊಳ್ಳುತ್ತದೆ. ಆ ವರ್ಷದ ಪೂರ್ವಸಭೆ ಕೂಟದ ಕಾರ್ಯದರ್ಶಿಯ ಮನೆಯಲ್ಲಿ ಸೇರಿತು. ಆಕೆ ಬೆಳಗಾವಿಯ ಕಡೆಯವರು, ಬಾಯಿ ಜೋರು, ಮನಸ್ಸು ಮೆತ್ತಗೆ. ಕುಂಕುಮವನ್ನೂ ಹೆಸರು ಹೇಳುವ ಸರದಿಯನ್ನೂ ಗಂಡನಿಲ್ಲದವರೂ ಸೇರಿ ಬಂದ ಎಲ್ಲ ಹೆಂಗಸರಿಗೂ ಕೊಡಬೇಕು ಎಂದು ನಾನು ಸೂಚಿಸಿದೆ.

"ನಾವೇನು ಅವರನ್ನ ದೂರ ಇಡೋಣು ಅಂತೀವೇನ್ರಿ?" ಎಂದರು ಕಾರ್ಯದರ್ಶಿ. "ಖರೆ, ಹೆಸರು ಹೇಳ್ರಿ ಅಂದ್ರ ಅವರ ಕಣ್ಣಾಗ ನೀರು ಬರ್ತಾವ. ಹಬ್ಬದ ದಿನಾ ಯಾಕ ಅಳಸೋದು?"

ನಾನು ಅವರ ಮಾತನ್ನು ತಿರುಗಿ ಹೇಳಿದೆ. ನೀವು ಅವರನ್ನು ಕೇಳದಿರುವುದು ತಿರಸ್ಕಾರದಿಂದಲ್ಲ, ನೋವಾದೀತೆಂಬ ಕಾಳಜಿಯಿಂದ. ಹೌದಲ್ಲವೇ? "ಹೌದ್ರಿ, ಅಷ್ಟs," ಎಂದರು. ಹಾಗಾದರೆ ಅವರಿಗೆ ನೋವಾಗುವುದು ಕೇಳಿದರೋ, ಕೇಳದಿದ್ದರೋ ಎಂಬುದು ನಮ್ಮ ಪ್ರಶ್ನೆ. ಕೇಳಿದರೆ ಎಂದು ನಾವು ಊಹಿಸಿದ್ದೇವೆ. ಯಾರಾದರೂ ಅವರನ್ನೇ ವಿಚಾರಿಸಿದ್ದೀರಾ?

"ವಿಚಾರಿಸಿದ್ರ ಅವರು ಬ್ಯಾಡ ಅಂತಾರ," ಎಂದರು ಇನ್ನೊಬ್ಬರು.

ಅನ್ನಲಿ, ಆದರೆ ಬೇಡವೆನ್ನುವುದನ್ನೂ ಅವರಿಗೇ ಬಿಡೋಣ, ಅವರ ಪರವಾಗಿ ನಾವೇ ಅನ್ನುವುದು ಬೇಡ ಎಂದೆ.

ಕಾರ್ಯದರ್ಶಿ ಚಹಾದ ಕಪ್ಪನ್ನು ನನ್ನ ಕಡೆಗೆ ಸರಿಸಿದರು. "ಇವರ ಜೋಡಿ ವಾದಕ್ಕ ಕೂತ್ರ ನಮ್ಮ ಮನ್ಯಾಗ, ನಮ್ಮ ಚಹಾ ಕುಡಿಸಿ, ನಾವs ಸೋಲಬೇಕಾಗ್ತದ. ಆಗ್ಲಿ ಬಿಡ್ರಿ, ಮಾಡೋಣು."

ನನಗೆ ಗೆದ್ದ ಸಂತೋಷವಿತ್ತು. ಅದನ್ನು ಅವ್ವನಿಗೆ ಹೇಳಿದಾಗ ಅವಳು ಕುಸುರೆಳ್ಳಿನ ತಟ್ಟೆಯಿಂದ ತಲೆಯೆತ್ತಲಿಲ್ಲ.

"ನಿನ್ನ ಭಾಷಣಕ್ಕ ನನ್ನ ಉದಾಹರಣಿ ಮಾಡಬ್ಯಾಡ," ಎಂದಳು. "ನಾ ಬರ್ತೀನಿ. ನೀ ನನ್ನ ಕರೀಬ್ಯಾಡ. ಏಳಬೇಕನಿಸಿದ್ರ ನಾನs ಏಳ್ತೀನಿ."

ಮುಂದಿನ ದಿನಗಳಲ್ಲಿ ಅವಳ ತುಟಿಗಳು ತಮ್ಮಷ್ಟಕ್ಕೆ ತಾವು ಆಡುತ್ತಿದ್ದವು. ಒಗಟು ಕಟ್ಟುತ್ತಿದ್ದಾಳೆಂದು ಗೊತ್ತಾಯಿತು. ನನಗಾದರೂ ಹೇಳು ಎಂದರೆ, "ಮನೀ ಮಂದೀಗೆ ಮೊದಲs ಹೇಳಿದ್ರ ಒಗಟು ಹಳಸ್ತದ," ಎಂದಳು. ಸಮಾರಂಭದ ಒಗಟಿಗೆ ಮನೆಯವರು ಉತ್ತರ ಹೇಳಬಾರದು ಎಂಬುದು ಅವಳ ಹಳೆಯ ಕಟ್ಟಳೆ.

ಸಮಾರಂಭದ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಕಿಟಕಿಗಳಿಂದ ಮಾಗಿಯ ಬಿಸಿಲು ಜಮಖಾನೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಬಾಗಿಲಲ್ಲಿ ಎಲ್ಲರಿಗೂ ಅರಿಷಿಣ-ಕುಂಕುಮ ಕೊಡುತ್ತಿದ್ದರು. ಅವ್ವ ಅರಿಷಿಣ ಹಚ್ಚಿಸಿಕೊಂಡಳು, ಕುಂಕುಮದ ಬಟ್ಟಲನ್ನು ಬೆರಳಿನಿಂದ ಮುಟ್ಟಿ ನಮಸ್ಕರಿಸಿ ಮುಂದೆ ಸರಿದಳು. ಅದು ಅವಳ ನಿರ್ಧಾರ.

ಒಳಗೆ ಕೂತ ಮೇಲೆ ನಾನು ಸುತ್ತ ಮುಖಗಳನ್ನು ನೋಡಿದೆ. ಅಪ್ಪನನ್ನು ಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಹಳೆಯ ಗುಂಪಿನ ಕೆಲವರು ಧಾರವಾಡಕ್ಕೆ ಮರಳಿದ್ದರು, ಕೆಲವರು ಮಕ್ಕಳ ಊರುಗಳಿಗೆ ಹೋಗಿದ್ದರು, ಕೆಲವರು ಇರಲೇ ಇಲ್ಲ. ಕಾರ್ಯದರ್ಶಿ ಕೂಡ ಅಪ್ಪ ಹೋದ ಮೇಲೆ ಪುಣೆಗೆ ಬಂದವರು. ಉಳಿದವರಲ್ಲಿ ಬಹುಪಾಲು ವಿಮಾನ ನಗರದ ಆಫೀಸುಗಳಲ್ಲಿ ಕೆಲಸ ಮಾಡುವ, ಬೆಂಗಳೂರಿನ ಕನ್ನಡವಾಡುವ ಎಳೆಯ ಹೆಂಗಸರು. ಹಿಂದೆ ಅವ್ವ ಒಂದೆರಡು ಎಳೆ ಬಿಟ್ಟರೆ ಸಾಕಿತ್ತು, ಹೆಂಗಸರು ಮಿಕ್ಕದ್ದನ್ನು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಿದ್ದರು. ಇವರು ಎಲ್ಲಿಂದ ತುಂಬಿಕೊಂಡಾರು? ನಾನು ಗೆದ್ದ ವಾದ ಅವಳಿಗೆ ಬರೀ ಒಂದು ಸರದಿ ಕೊಟ್ಟಿತ್ತು. ಆ ಹೆಸರನ್ನು ಹೇಳುವ ಬಾಯಿಗಳನ್ನು ಯಾವ ವಾದ ತಂದೀತು?

ಹೊಸ ಸೊಸೆಯಂದಿರ ಸರದಿ ಮುಗಿಯಿತು. ಒಬ್ಬಳು ಫೋನಿನಲ್ಲಿ ಬರೆದುಕೊಂಡು ಬಂದದ್ದನ್ನು ಓದಿ ಬೈಸಿಕೊಂಡಳು. ಆಮೇಲೆ ಅವ್ವ ಎದ್ದು ನಿಂತಳು. ಮೈಕು ಕೊಟ್ಟರೆ ಬೇಡವೆಂದಳು.

"ಮೂರು ಮಂದಿ ಗೆಳ್ಯಾರು ತಳೇಗಾಂವದ ಲೋಕಲ್ ಹತ್ಯಾರ. ಒಬ್ಬಾಂವ ಕಿಡಕೀ ಹತ್ರ, ಒಬ್ಬಾಂವ ನಡುವ, ಒಬ್ಬಾಂವ ಬಾಗಲ ಕಡೆ ನಿಂತಾನ. ಕಿಡಕೀ ಹತ್ರ ಕೂತಾಂವಗ ಆನಿ ಮಾರಿ ದೇವರ ಹೆಸರು, ಅಂವ ಚಹಾ ಮುಟ್ಟೂದಿಲ್ಲ. ನಡುವ ಕೂತಾಂವಗ ಬೆರಳ ಮ್ಯಾಲೆ ಗುಡ್ಡಾ ಎತ್ತಿದ ದೇವರ ಹೆಸರು, ಅಂವ ಪೇಪರ್ ಓದೂದಿಲ್ಲ. ನಮ್ಮವರು ಚಹಾನೂ ಬಿಟ್ಟವರಲ್ಲ, ಪೇಪರೂ ಬಿಟ್ಟವರಲ್ಲ. ನಮ್ಮವರು ಯಾರು, ಅವರ ಹೆಸರೇನು?"

ಹೆಂಗಸರು ಉತ್ಸಾಹದಿಂದ ಮುಂದೆ ಸರಿದರು. ಒಬ್ಬರು ಶಿವನ ಹೆಸರುಗಳನ್ನು ಹೇಳತೊಡಗಿದರು, ಇನ್ನೊಬ್ಬರು ವಿಷ್ಣುವಿನವನ್ನು. ಅವ್ವ ಕೈಯೆತ್ತಿ ತಡೆದಳು. "ಹಂಗ ಕಲ್ಲು ಒಗದಂಗ ಹೇಳಬಾರ್ದು. ಯಾಕ ಅಂತ ಹೇಳಿದ್ರಷ್ಟ ಅದು ಉತ್ತರ."

ವಿಮಾನ ನಗರದಿಂದ ಬಂದಿದ್ದ ಒಬ್ಬ ಯುವತಿ, ಕೊರಳಲ್ಲಿ ಇನ್ನೂ ಆಫೀಸಿನ ಗುರುತಿನ ಪಟ್ಟಿ ಹಾಕಿಕೊಂಡಿದ್ದವಳು, ಒಗಟನ್ನು ಮೊದಲಿನಿಂದ ತಾನೇ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡಳು. "ಕಿಟಕಿ ಹತ್ರ ಇರೋರು ಟೀ ಕುಡಿಯಲ್ಲ, ಸೋ ಅವರಲ್ಲ. ಮಧ್ಯದಲ್ಲಿರೋರು ಪೇಪರ್ ಓದಲ್ಲ, ಅವರೂ ಅಲ್ಲ. ಬಾಗಿಲ ಕಡೆ ಇರೋರೇ ನಿಮ್ಮ ಯಜಮಾನ್ರು. ಸರೀನಾ ಆಂಟಿ?"

"ಸರಿ ಅದ. ಹೆಸರು?"

ಯುವತಿ ಮತ್ತೊಮ್ಮೆ ಒಗಟನ್ನು ಹೇಳಿಕೊಂಡಳು. ನಾನು ತಾಳಲಾರದೆ ಪಕ್ಕದವರಿಗೆ ಒಂದು ಸುಳಿವು ಕೊಡಲು ಬಾಗಿದೆ. ಅವ್ವ ಅಷ್ಟು ದೂರದಿಂದಲೇ ನನ್ನತ್ತ ಒಂದು ನೋಟ ಬೀರಿದಳು. ನಾನು ನೆಟ್ಟಗಾದೆ.

"ಆಂಟಿ, ಮೊದಲಿಬ್ಬರ ಹೆಸರಿಗೆ ಕ್ಲೂ ಇದೆ," ಎಂದಳು ಯುವತಿ ಕೊನೆಗೆ. "ಮೂರನೆಯವರ ಹೆಸರಿಗೆ ಏನೂ ಇಲ್ಲ. ನೀವು ಹೇಳಿದ್ರಲ್ಲಿ ಅದು ಇಲ್ವೇ ಇಲ್ಲ. ಡೇಟಾ ಇಲ್ದೆ ಹೇಗೆ ಹೇಳೋದು?"

"ಭಾಳ ಛಂದ ಕೇಳಿಸ್ಕೊಂಡೀದಿ ನೋಡವಾ," ಎಂದಳು ಅವ್ವ. "ಇಲ್ಲ. ಅದರಾಗ ಇಲ್ಲ."

"ಹಂಗಾದ್ರೆ ಈಗ ಏನ್ಮಾಡೋದು?"

"ಸೋತೇವಿ ಅನ್ನಬೇಕು. ಊರು ಕೊಡಬೇಕು."

ಒಗಟು ಬಿಡಿಸಲಾರದವರು ಒಂದು ಊರನ್ನು ಬಾಯಿಮಾತಿನಲ್ಲಿ ಒಪ್ಪಿಸಿ ಸೋಲೊಪ್ಪಿಕೊಳ್ಳುವುದು ನಮ್ಮ ಕಡೆಯ ಹಳೆಯ ಆಟ. ಊರನ್ನು ತೆಗೆದುಕೊಂಡ ಮೇಲೆ ಒಗಟು ಹಾಕಿದವರೇ ಉತ್ತರ ಹೇಳಬೇಕು, ಆಗ ಇಲ್ಲವೆನ್ನುವಂತಿಲ್ಲ. ಕಾರ್ಯದರ್ಶಿ ಇದನ್ನು ಎಳೆಯರಿಗೆ ವಿವರಿಸಿದರು. ಯುವತಿ ತಕ್ಷಣ ವಿಮಾನ ನಗರವನ್ನು ಕೊಟ್ಟಳು.

"ಅಲ್ಲೆ ಬಾಡಿಗಿ ಭಾಳ. ಬ್ಯಾರೇದು ಕೊಡ್ರಿ."

"ಕಾಕೂ, ನಮ್ಮ ಬೆಳಗಾವಿ ತಗೋರಿ," ಎಂದರು ಕಾರ್ಯದರ್ಶಿ.

"ಅದು ಬ್ಯಾಡವಾ ನನಗ. ಅದರ ಜಗಳಾನs ಇನ್ನೂ ಹರದಿಲ್ಲ."

ಸಭಾಂಗಣವೆಲ್ಲ ನಕ್ಕಿತು. ಆ ನಗುವಿನ ನಡುವೆ ನನಗೆ ಅರ್ಥವಾಯಿತು. ಉತ್ತರವನ್ನು ಒಳಗಿಟ್ಟುಕೊಳ್ಳದ ಒಂದೇ ಒಂದು ಒಗಟನ್ನು ಅವ್ವ ಜೀವಮಾನದಲ್ಲಿ ಕಟ್ಟಿರಲಿಲ್ಲ. ಅವಳು ತಪ್ಪಿದ್ದಾಳೆ ಎನ್ನುವಂತೆಯೂ ಇರಲಿಲ್ಲ, ಯುವತಿ ಹೇಳುವ ಮೊದಲೇ ಅವಳಿಗೆ ಅದು ಗೊತ್ತಿತ್ತು. ಹಾಗಾದರೆ ಉಳಿಯುವುದು ಒಂದೇ: ಇದು ಬಿಡಿಸಲಿಕ್ಕೆಂದು ಹಾಕಿದ ಒಗಟಲ್ಲ. ಆ ಹೆಸರನ್ನು ಹೇಳಬಲ್ಲವರು ಈ ಊರಿನಲ್ಲಿ ಯಾರೂ ಉಳಿದಿಲ್ಲವೆಂದು ನನಗಿಂತ ಮೊದಲು ಅವಳು ಲೆಕ್ಕ ಹಾಕಿದ್ದಳು. ತಾನಾಗಿ ಹೇಳುವುದು ಅವಳಿಂದ ಆಗದ ಮಾತು. ಅದಕ್ಕಾಗಿ, ಹೇಳದೆ ಗತ್ಯಂತರವಿಲ್ಲದಂಥ ಒಂದು ಜಾಗವನ್ನು ಆಟದ ನಿಯಮಗಳಿಂದಲೇ ತನ್ನ ಸುತ್ತ ಕಟ್ಟಿಕೊಂಡು ಅದರ ನಡುವೆ ಬಂದು ನಿಂತಿದ್ದಳು.

"ಹಂಗಾರ ಪುಣೇನs ತಗೋರಿ," ಎಂದರು ಕಾರ್ಯದರ್ಶಿ. "ಪೂರಾ."

"ತಗೊಂಡೆ."

ಎಲ್ಲರೂ ಅವಳತ್ತ ನೋಡಿದರು. ಅವ್ವ ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡು ಅಪ್ಪನ ಹೆಸರನ್ನು ಹೇಳಿದಳು. ಪದ್ಯವಿಲ್ಲ, ಪ್ರಾಸವಿಲ್ಲ, ಹಿಂದೆ ಮುಂದೆ ಒಂದು ಮಾತಿಲ್ಲ. ದನಿ ದೊಡ್ಡದಾಗಿರಲಿಲ್ಲ, ಆದರೆ ಕೊನೆಯ ಸಾಲಿನವರೆಗೂ ಕೇಳಿಸಿತು. ಕಾಗದಗಳಲ್ಲಿ ಅಷ್ಟು ಸಲ ಬರೆದ, ಅಷ್ಟು ಸಲ ಹೊಡೆದುಹಾಕಿಸಿದ ಆ ಹೆಸರು ಹೀಗೂ ಕೇಳಿಸಬಲ್ಲದೆಂದು ನನಗೆ ತಿಳಿದಿರಲಿಲ್ಲ. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಆ ಮಧ್ಯಾಹ್ನ ಅದು ಅವಳದಾಗಿತ್ತು.

ಚಪ್ಪಾಳೆ ಬಂತು. ಅವ್ವ ಕೂರಲಿಲ್ಲ. ಯಾರನ್ನೋ ಕರೆದವರು ಒಂದು ಕ್ಷಣ ಕಿವಿಗೊಟ್ಟು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಳು. ಅವಳು ಅವರನ್ನು ಹೆಸರಿನಿಂದ ಕರೆದದ್ದು ಅದೇ ಮೊದಲು.

ಆಮೇಲೆ ಎಳೆಯ ಹೆಂಗಸರು ಕುಸುರೆಳ್ಳು ಹಿಡಿದುಕೊಂಡು ಅವಳ ಸುತ್ತ ಸೇರಿದರು. ಅಪ್ಪ ಯಾವ ಪೇಪರ್ ಓದುತ್ತಿದ್ದರು, ಬಾಗಿಲಲ್ಲೇ ಏಕೆ ನಿಲ್ಲುತ್ತಿದ್ದರು ಎಂದು ಕೇಳಿದರು. ಕೂರಲು ಜಾಗ ಸಿಕ್ಕರೂ ಯಾರಿಗಾದರೂ ಬಿಟ್ಟುಕೊಟ್ಟು ನಿಲ್ಲುತ್ತಿದ್ದರೆಂದೂ, ಅದಕ್ಕಾಗಿ ಮನೆಗೆ ಬಂದು ಬೈಸಿಕೊಳ್ಳುತ್ತಿದ್ದರೆಂದೂ ಅವ್ವ ಹೇಳಿದಳು. ಹೇಳುವಾಗ ಇನ್ನೆರಡು ಸಲ ಆ ಹೆಸರನ್ನು ಬಳಸಿದಳು, ಬೇಕಿಲ್ಲದ ಕಡೆಯಲ್ಲಿಯೂ. ನಾನು ಖಾಲಿ ಕುರ್ಚಿಗಳನ್ನು ಜೋಡಿಸುವ ನೆಪದಲ್ಲಿ ಹತ್ತಿರವೇ ಸುಳಿದಾಡುತ್ತ ಕೇಳಿಸಿಕೊಂಡೆ. ತುಂಬಿದ ಬೋಗಿಯ ಬಾಗಿಲಲ್ಲಿ ಪೇಪರನ್ನು ನಾಲ್ಕು ಮಡಿಕೆ ಮಾಡಿ ಓದುತ್ತ ನಿಂತ ಆ ಮನುಷ್ಯ ನನ್ನ ಅಪ್ಪನಾಗಿದ್ದರೂ, ಆ ಹೊತ್ತಿನಲ್ಲಿ ನಾನೂ ಆ ಹೊಸಬರಂತೆ ಅವರನ್ನು ಮೊದಲ ಸಲ ನೋಡುತ್ತಿದ್ದೆ. ಅವರು ಒಮ್ಮೆ ತಿರುಗಿ ನೋಡಲಿ ಎಂದು ಎಷ್ಟು ಆಸೆಯಾಯಿತು.

ಮರಳುವಾಗ ರಿಕ್ಷಾ ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಂತಿತು. ಇಳಿಬಿಸಿಲು ಅವಳ ಅರಿಷಿಣದ ಕೆನ್ನೆಯ ಮೇಲಿತ್ತು. ಅವ್ವ, ಆ ಹೆಸರನ್ನು ಇನ್ನೊಮ್ಮೆ ಹೇಳು ಎನ್ನಬೇಕೆಂದು ಬಾಯಿಯವರೆಗೆ ಬಂತು. ಜೀವನದುದ್ದಕ್ಕೂ ವಾದ ಹೂಡಿ ಕೇಳಿ ಪಡೆದವಳಿಗೆ, ಆ ಒಂದನ್ನು ಹೇಗೆ ಕೇಳುವುದೆಂದು ತಿಳಿಯಲಿಲ್ಲ.

"ಏನು ನೋಡಾಕತ್ತೀದಿ?" ಎಂದಳು ಅವ್ವ.

"ಏನಿಲ್ಲ."

"ನಿಮ್ಮಪ್ಪಗ ಈ ಕುಸುರೆಳ್ಳು ಭಾಳ ಸೇರ್ತಿತ್ತು," ಎಂದು ಅವಳು ಮಡಿಲಲ್ಲಿದ್ದ ಪೊಟ್ಟಣವನ್ನು ಬಿಚ್ಚಿ ನನ್ನ ಕೈಗೆ ಸ್ವಲ್ಪ ಹಾಕಿದಳು. ಸಿಗ್ನಲ್ ಹಸಿರಾಯಿತು. ನಾನು ಮನೆ ಬರುವವರೆಗೂ ಅದನ್ನು ತಿನ್ನದೆ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೆ.